ರಾಯಚೂರು 1520, ಕೋಟೆ ಗೋಡೆಯ ಡಯೋರಾಮಾ: ಮುಂದೆ ಯಾರು ನಿಲ್ಲಬೇಕು?

ಶಿರಸಿ_ಕಿರುಲೋಕ:

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾಗಿದೆ, ತೋಟದ ಕೆಲಸ ಕಡಿಮೆ. ಬಹಳ ದಿನದಿಂದ ತಲೆಯಲ್ಲಿದ್ದ ಡಯೋರಾಮಾ, ಅಂದರೆ ಹಲಗೆಯ ಮೇಲೆ ಗೊಂಬೆ, ನೆಲ, ಗೋಡೆ ಸೇರಿಸಿ ಕಟ್ಟುವ ಕಿರುದೃಶ್ಯ, ಕೈಗೆತ್ತಿಕೊಂಡಿದ್ದೇನೆ. ವಿಷಯ 1520ರ ರಾಯಚೂರು. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧ.

ಈ ಯುದ್ಧಕ್ಕೆ ಎರಡು ಭಾಗ ಇದೆ. ಒಂದು, ಮೇ 19ರಂದು ಕೃಷ್ಣಾ ನದಿಯ ಹತ್ತಿರ ಬಯಲಿನಲ್ಲಿ ನಡೆದ ಕಾಳಗ. ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಹಾರಿದವು, ವಿಜಯನಗರದ ಮುಂದಿನ ಸಾಲು ಚದುರಿತು. ರಾಯ ಉಳಿದ ಪಡೆಯನ್ನು ತಿರುಗಿಸಿಕೊಂಡು ಮೇಲೆ ಬಿದ್ದ. ಎದುರಾಳಿಗಳು ನದಿಯವರೆಗೂ ಹಿಂದೆ ಸರಿದರು. ಇನ್ನೊಂದು, ಕೋಟೆಯ ಮುತ್ತಿಗೆ. ಅದು ಕಾಳಗಕ್ಕಿಂತ ಮೊದಲೇ ಶುರುವಾಗಿತ್ತು, ಮುಗಿದದ್ದು ಜೂನ್ ಮಧ್ಯದಲ್ಲಿ.

ಎಲ್ಲರೂ ಬಯಲಿನ ಕಾಳಗವನ್ನೇ ಕೇಳುತ್ತಾರೆ. ಆನೆ, ಕುದುರೆ, ಬಾವುಟ, ಎಲ್ಲ ಇರುತ್ತೆ ಅಲ್ವಾ. ಆದರೆ ಲೆಕ್ಕ ಹಾಕಿ ನೋಡಿ. ನಾನು ಮಾಡುವುದು 1:72 ಅಳತೆಯಲ್ಲಿ. ಒಬ್ಬ ಮನುಷ್ಯ ಸುಮಾರು 23 ಮಿಲಿಮೀಟರ್. ಈ ಅಳತೆಯಲ್ಲಿ ಒಂದು ಕಿಲೋಮೀಟರ್ ಬಯಲು ಅಂದರೆ ಹತ್ತಿರ ಹತ್ತಿರ 14 ಮೀಟರ್. ನಮ್ಮ ಮನೆಯ ಜಗುಲಿಯೂ ಸಾಲದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಸ್ ಬರೆದಿರುವ ಲೆಕ್ಕದಲ್ಲಿ ರಾಯನ ದಂಡು 7,03,000 ಕಾಲಾಳು, 32,600 ಕುದುರೆ, 551 ಆನೆ. ಅದು ಉಬ್ಬಿಸಿದ ಲೆಕ್ಕವೇ ಇರಲಿ, ಹತ್ತರಲ್ಲಿ ಒಂದು ಪಾಲು ಹಿಡಿದರೂ ಎಪ್ಪತ್ತು ಸಾವಿರ ಜನ. ಐವತ್ತು ಗೊಂಬೆ ನಿಲ್ಲಿಸಿ ‘ಇದು ರಾಯಚೂರು ಯುದ್ಧ’ ಎಂದರೆ ನೋಡುವವರಿಗೆ ಅದು ಯಾವುದೋ ಹೊಡೆದಾಟದ ಹಾಗೆ ಕಾಣುತ್ತದೆ.

ಹಾಗಾಗಿ ನನ್ನ ಆಯ್ಕೆ ಗೋಡೆ. ಹಲಗೆ 90 ಸೆಂಟಿಮೀಟರ್ ಉದ್ದ, 60 ಅಗಲ. ಗೋಡೆ ಹತ್ತು ಮೀಟರ್ ಎತ್ತರ ಎಂದು ಹಿಡಿದರೆ ಇಲ್ಲಿ 14 ಸೆಂಟಿಮೀಟರ್ ಬರುತ್ತದೆ. ಗೋಡೆಯ ಬುಡದಿಂದ, ರಾಯನ ಕಡೆ ಸೇರಿದ್ದ ಪೋರ್ಚುಗೀಸ್ ಕೋವಿಯವರು ನಿಂತ ಜಾಗದವರೆಗೆ ನಲವತ್ತು ಮೀಟರ್ ಕೊಟ್ಟರೆ 55 ಸೆಂಟಿಮೀಟರ್. ಸರಿಯಾಗಿ ಕೂರುತ್ತದೆ. ಅರವತ್ತರೊಳಗೆ ಗೊಂಬೆ ಸಾಕು, ಒಂದೊಂದಕ್ಕೂ ಒಂದು ಕೆಲಸ ಇರುತ್ತದೆ.

ಈಗ ಮುಖ್ಯ ವಿಷಯ. ನೂನಿಸ್ ಬರೆದದ್ದರಲ್ಲಿ ನನ್ನನ್ನು ಬಿಡದೆ ಕಾಡಿದ್ದು ಒಂದು ಸಂಗತಿ. ವಿಜಯನಗರದ ಹತ್ತಿರ ಆ ಗೋಡೆ ಒಡೆಯುವಂಥ ಫಿರಂಗಿ ಬಲ ಇರಲಿಲ್ಲ. ಜನ ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕೀಳಬೇಕಿತ್ತು. ಮೇಲಿನಿಂದ ಬಾಣ, ಕಲ್ಲು, ಗುಂಡು. ಹೋದವರು ಸಾಯುತ್ತಿದ್ದರು. ಆಗ ದಂಡನಾಯಕರು ಕಿತ್ತು ತಂದ ಕಲ್ಲಿಗೆ ಹಣ ಕೊಡತೊಡಗಿದರು. ಕಲ್ಲಿನ ಗಾತ್ರ ನೋಡಿ ದರ. ದೊಡ್ಡ ಕಲ್ಲಿಗೆ ಜಾಸ್ತಿ.

ನನಗೆ ಕಲ್ಲು ಕೀಳುವ ಆ ಮನುಷ್ಯ ಬೇಕು. ಅವನ ಹೆಸರು ಎಲ್ಲೂ ಇಲ್ಲ. ಡಯೋರಾಮಾದ ಮುಂದಿನ ಸಾಲಿನಲ್ಲಿ, ನೋಡುವವರ ಕಣ್ಣಿನ ಎತ್ತರಕ್ಕೆ, ಅವನು ಇರಬೇಕು. ಅರಸ ಬೇಡ ಎನ್ನುವುದು ನನ್ನ ಯೋಚನೆ. ನಿಮಗೆ ಏನನಿಸುತ್ತದೆ? ಗೋಡೆ, ಮಣ್ಣು, ಉಡುಪಿನ ಬಗ್ಗೆ ಗೊತ್ತಿದ್ದವರು ದಯವಿಟ್ಟು ಹೇಳಿ.

ಕೈಗಾದ_ರಾಯಚೂರಿನವ:

ನಮಸ್ಕಾರ ರೀ. ನಾನು ಹುಟ್ಟಿ ಬೆಳೆದದ್ದು ರಾಯಚೂರು, ಕೆಲಸ ಕೈಗಾದಲ್ಲಿ. ನಮ್ಮೂರ ಕೋಟೆಯನ್ನು ಶಿರಸಿಯವರೊಬ್ಬರು ಕಟ್ಟುತ್ತಿದ್ದಾರೆ ಎಂದು ಓದಿ ಖುಷಿಯಾಯಿತು. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲನೆಯದು ಬಣ್ಣ. ಇಲ್ಲಿ ಕರಾವಳಿಯಲ್ಲಿ, ಘಟ್ಟದಲ್ಲಿ ಎಲ್ಲಿ ನೋಡಿದರೂ ಕೆಂಪು. ಚಿರೇಕಲ್ಲು, ಕೆಂಪು ಮಣ್ಣು, ಮೇಲೆ ಹಸಿರು. ರಾಯಚೂರು ಹಾಗಲ್ಲ. ಸುತ್ತ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಬೆಟ್ಟ ಎಲ್ಲ ಗಟ್ಟಿ ಕಣಶಿಲೆ, ಬೂದು ಬಣ್ಣ, ಅಲ್ಲಲ್ಲಿ ತುಸು ಗುಲಾಬಿ. ಮೇ ತಿಂಗಳು ಅಂದರೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಹುಲ್ಲು ಒಣಗಿ ಒಣಗಿ ಬಿಳಿಚಿರುತ್ತದೆ. ಅಂಗಡಿಯಲ್ಲಿ ಸಿಗುವ ಹಸಿರು ಹುಲ್ಲಿನ ಪುಡಿ ಒಂದು ಚಿಟಿಕೆಯೂ ಹಾಕಬೇಡಿ. ತೆಂಗು, ಅಡಿಕೆ ಮರೆತುಬಿಡಿ. ಒಂದು ಬೇವಿನ ಮರ, ನಾಲ್ಕು ಜಾಲಿ ಗಿಡ ಸಾಕು.

ಎರಡನೆಯದು ಗೋಡೆ. ಒಳಕೋಟೆಯ ಗೋಡೆಗೆ ಗಾರೆ ಇಲ್ಲ ರೀ. ದೊಡ್ಡ ದೊಡ್ಡ ಕಲ್ಲು ಒಂದರ ಮೇಲೊಂದು ಕೂಡಿಸಿದ್ದಾರೆ, ಸಂದಿಯಲ್ಲಿ ಬೆರಳು ಹೋಗಲ್ಲ. 1294ರ ಶಾಸನ ಇರುವ ಒಂದು ಕಲ್ಲು ಇದೆ, ಕಾಕತೀಯರ ಕಾಲದ್ದು, ಗೊರೆ ಗನ್ನಯ್ಯ ರೆಡ್ಡಿ ಕಟ್ಟಿಸಿದ್ದು. ಅದೊಂದೇ ಕಲ್ಲು 41 ಅಡಿ ಉದ್ದ. ಅದನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆಯುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಊರಿಗೆ ಹೋದಾಗ ಹತ್ತಿರದಿಂದ ಫೋಟೋ ತೆಗೆದು ಕಳಿಸುತ್ತೇನೆ.

ಇನ್ನೊಂದು. ಗೋಡೆಯನ್ನು ಇಟ್ಟಿಗೆ ಕಟ್ಟಿದಂತೆ ಒಂದೇ ಅಳತೆಯ ಸಾಲು ಮಾಡಬೇಡಿ. ಬುಡದಲ್ಲಿ ದೊಡ್ಡದು, ಮೇಲೆ ಹೋದಂತೆ ಸಣ್ಣದು, ನಡುವೆ ಅಲ್ಲಲ್ಲಿ ಹೊಂದಿಸಿದ ಚಿಕ್ಕ ಕಲ್ಲು. ಆಗ ಮಾತ್ರ ಅದು ಆ ಸೀಮೆಯ ಗೋಡೆ ಅನಿಸುತ್ತದೆ.

ಅಂಕೋಲಾ_ಮೇಷ್ಟ್ರು:

ಒಳ್ಳೆಯ ಚರ್ಚೆ. ನೂನಿಸ್ ಕೋಟೆಯನ್ನು ವರ್ಣಿಸಿರುವುದು ಇವರ ಮಾತಿಗೆ ಸರಿಯಾಗಿ ಹೊಂದುತ್ತದೆ. ಮೂರು ಸುತ್ತಿನ ಗೋಡೆ, ಸುಣ್ಣವಿಲ್ಲದೆ ಕಟ್ಟಿದ ದೊಡ್ಡ ಕಲ್ಲುಗಳು, ಒಳಗೆ ಮಣ್ಣು ತುಂಬಿದ್ದು. ಬುರುಜುಗಳು ಎಷ್ಟು ಹತ್ತಿರ ಎಂದರೆ ಒಂದರಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಕೇಳಿಸುತ್ತದೆ ಎನ್ನುತ್ತಾನೆ. ಒಳಗೆ 8,000 ಜನ ಕಾವಲಿಗೆ, 400 ಕುದುರೆ, 20 ಆನೆ. 200 ದೊಡ್ಡ ಫಿರಂಗಿ. ಜೊತೆಗೆ ಭಾರದ ಕಲ್ಲು ಎಸೆಯುವ 30 ಕವಣೆಯಂತ್ರ.

ಈ ಕೊನೆಯ ಮಾತನ್ನು ಬಿಡಬೇಡಿ. ಕವಣೆಯಂತ್ರವೂ ಫಿರಂಗಿಯೂ ಒಂದೇ ಗೋಡೆಯ ಮೇಲೆ ಇದ್ದ ಕಾಲ ಅದು. ಹಳೆಯ ಯುದ್ಧಪದ್ಧತಿ ಮುಗಿದಿರಲಿಲ್ಲ, ಹೊಸದು ಬಂದಾಗಿತ್ತು. ಬುರುಜಿನ ಮೇಲೆ ಒಂದು ಕವಣೆಯ ಮರದ ತೋಳು ಎದ್ದು ಕಾಣುವಂತೆ ಮಾಡಿದರೆ ಇದು ಯಾವ ಕಾಲ ಎನ್ನುವುದು ವಿವರಣೆ ಇಲ್ಲದೆ ತಿಳಿಯುತ್ತದೆ.

ಕೋವಿಯವರ ಬಗ್ಗೆ. ಅವರು ಕ್ರಿಸ್ತೋವಾವ್ ದೆ ಫಿಗೆರೇದು ಎಂಬ ಪೋರ್ಚುಗೀಸನ ಜೊತೆ ಬಂದ ಇಪ್ಪತ್ತು ಜನ. ಗೋಡೆಯ ಮೇಲಿನವರು ಹೆದರಿಕೆ ಇಲ್ಲದೆ ಎದೆ ಕೊಟ್ಟು ನಿಲ್ಲುತ್ತಿದ್ದರಂತೆ. ಇವರು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಮೇಲಿನವರು ತಲೆ ಎತ್ತಲಾಗಲಿಲ್ಲ. ಆಗ ಕೆಳಗಿನವರು ಸರಾಗವಾಗಿ ಕಲ್ಲು ಕಿತ್ತರು. ಕೊನೆಗೆ ಕೋಟೆಯ ಅಧಿಕಾರಿ ಕೆಳಗೆ ಏನಾಗುತ್ತಿದೆ ಎಂದು ಬಗ್ಗಿ ನೋಡಿದ, ಹಣೆಗೆ ಗುಂಡು ತಾಗಿ ಸತ್ತ. ಮರುದಿನ ಊರು ಶರಣಾಯಿತು. ರಾಯ ಊರನ್ನು ಲೂಟಿ ಮಾಡಬಾರದೆಂದು ಕಟ್ಟಪ್ಪಣೆ ಮಾಡಿದ.

ಪೋರ್ಚುಗೀಸರ ತಲೆಗೆ ಆ ಎತ್ತರದ ಜುಟ್ಟಿನಂಥ ಅಂಚು ಇರುವ ಉಕ್ಕಿನ ಟೊಪ್ಪಿ ಹಾಕಬೇಡಿ. ಸಿನಿಮಾಗಳಲ್ಲಿ ಯಾವ ಕಾಲಕ್ಕಾದರೂ ಅದನ್ನೇ ಹಾಕುತ್ತಾರೆ. ಅದು ಜಾಸ್ತಿ ಬಳಕೆಗೆ ಬಂದದ್ದು ಹದಿನಾರನೇ ಶತಮಾನದ ನಡುವಿನ ಹೊತ್ತಿಗೆ. 1520ಕ್ಕೆ ಬಟ್ಟೆಯ ಚಪ್ಪಟೆ ಟೊಪ್ಪಿ, ಇಲ್ಲವೇ ಅಗಲ ಅಂಚಿನ ಸಾದಾ ಕಬ್ಬಿಣದ ಟೊಪ್ಪಿ ಸರಿ.

ಹೊನ್ನಾವರ_ಹುಡುಗ:

ಸರ್, ನಾನು ಪಿಯುಸಿ. ಇಂಥದ್ದು ಮಾಡಬೇಕೆಂದು ತುಂಬಾ ಆಸೆ. ವಿಜಯನಗರದ ಸೈನಿಕರ ಗೊಂಬೆ ಸಿಗುತ್ತದಾ? ಇಲ್ಲದಿದ್ದರೆ ಉಡುಪು ನೋಡಲು ಯಕ್ಷಗಾನದ ವೇಷ ಆಗುತ್ತದಾ? ನಮ್ಮ ಕಡೆ ಅದು ಬೇಕಾದಷ್ಟು ಸಿಗುತ್ತದೆ.

ಅಂಕೋಲಾ_ಮೇಷ್ಟ್ರು:

ತಮ್ಮಾ, ಯಕ್ಷಗಾನದ ವೇಷ ರಂಗಸ್ಥಳಕ್ಕೆ. ದೀಪದ ಬೆಳಕಿನಲ್ಲಿ ದೂರದವರಿಗೂ ಕಾಣಲೆಂದು ಮಾಡಿದ ಕಿರೀಟ, ಭುಜಕೀರ್ತಿ ಅದು. ಬಿಸಿಲಿನಲ್ಲಿ ಗುದ್ದಲಿ ಹಿಡಿಯುವವನಿಗೆ ಹೊಂದುವುದಿಲ್ಲ. ನೀನು ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನೋಡು. ಆನೆ, ಕುದುರೆ, ಕಾಲಾಳು ಸಾಲುಸಾಲಾಗಿ ಇದ್ದಾರೆ. ಮಹಾನವಮಿ ದಿಬ್ಬದ ಕೆತ್ತನೆ ನೋಡು. ಬಣ್ಣಕ್ಕೆ ಲೇಪಾಕ್ಷಿಯ ಚಿತ್ರಗಳು. ಅವು ಹತ್ತು ಹದಿನೈದು ವರ್ಷ ಈಚಿನವು, ಆದರೂ ಹತ್ತಿರದ ಕಾಲ. ದೊಡ್ಡವರು ತೊಡುತ್ತಿದ್ದ ಉದ್ದನೆಯ ಕುಲ್ಲಾಯಿ ಎಂಬ ಟೊಪ್ಪಿ, ಕಬಾಯಿ ಎಂಬ ನಿಲುವಂಗಿ ಅಲ್ಲಿ ಸ್ಪಷ್ಟ ಕಾಣುತ್ತವೆ. ಸೈನಿಕರಿಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ಇತ್ತೆಂದು ಪೋರ್ಚುಗೀಸರು ಬರೆದಿದ್ದಾರೆ.

ನಮ್ಮ ಜಿಲ್ಲೆಯಲ್ಲೇ ಬೇಕೆಂದರೆ ಬನವಾಸಿಯ ವೀರಗಲ್ಲುಗಳಿವೆ. ಕಾಲ ಬೇರೆ ಬೇರೆ, ಆದರೆ ಗುರಾಣಿ ಹಿಡಿಯುವ ರೀತಿ, ಕತ್ತಿ ಬೀಸುವಾಗ ಕಾಲು ಇಡುವ ರೀತಿ ಕಲಿಯಲು ಬಹಳ ಒಳ್ಳೆಯದು.

ನಿನಗೆ ಇನ್ನೊಂದು ಹೇಳಬೇಕು, ನೀನು ಹೊನ್ನಾವರದವನಾದ್ದರಿಂದ. ಆ ಯುದ್ಧದ ಕುದುರೆಗಳು ಎಲ್ಲಿಂದ ಬಂದವು? ಪರ್ಷಿಯಾ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಹಡಗಿನಲ್ಲಿ. ಇಳಿಯುತ್ತಿದ್ದದ್ದು ಗೋವಾ, ಹೊನ್ನಾವರ, ಭಟ್ಕಳ. ಭಟ್ಕಳ ಆಗ ವಿಜಯನಗರದ ದೊಡ್ಡ ಬಂದರು. ಗೋವಾ 1510ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. ಅದಕ್ಕೆ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್‌ನ ಜೊತೆ ನಿಂತವನು ನಿಮ್ಮ ಹೊನ್ನಾವರದ ತಿಮ್ಮಯ್ಯ, ಅವರು ತಿಮೋಜ ಎಂದು ಕರೆದವನು. ಅಲ್ಲಿಂದ ಮುಂದೆ ಕುದುರೆ ಯಾರಿಗೆ ಮಾರಬೇಕು ಎನ್ನುವುದೇ ರಾಜಕೀಯವಾಯಿತು. ನೂನಿಸ್ ತಾನೇ ಕುದುರೆ ವ್ಯಾಪಾರಿ. ಫಿಗೆರೇದು ಕೂಡ ಕುದುರೆ ತಂದವನೇ. ಹೀಗೆ ರಾಯಚೂರಿನ ಗೋಡೆಯ ಬುಡಕ್ಕೆ ಆ ಕೋವಿಯವರು ಬಂದು ನಿಂತದ್ದರ ಹಿಂದೆ ನಮ್ಮ ದಂಡೆಯ ವ್ಯಾಪಾರ ಇದೆ.

ಶಿರಸಿ_ಕಿರುಲೋಕ:

ಮೇಷ್ಟ್ರೇ, ಇದು ನನಗೆ ಹೊಳೆದಿರಲಿಲ್ಲ. ಕೋವಿಯವರ ಹಿಂದೆ, ಬೇವಿನ ನೆರಳಲ್ಲಿ, ಒಂದು ಹೊರ್ಮುಜ್ ಕುದುರೆ ಕಟ್ಟಿಹಾಕುತ್ತೇನೆ.

ತಮ್ಮಾ, ಗೊಂಬೆಯ ವಿಷಯ. ವಿಜಯನಗರದ ಸೆಟ್ ಸುಲಭಕ್ಕೆ ಸಿಗುವುದಿಲ್ಲ. ಕೋವಿಯವರಿಗೆ ಅದೇ ಕಾಲದ ಜರ್ಮನ್ ಕೂಲಿ ಸೈನಿಕರ, ಅಂದರೆ ಲಾಂಡ್ಸ್‌ಕ್ನೆಕ್ಟ್ ಗೊಂಬೆಗಳನ್ನು ತಂದು ತೋಳಿನ ಉಬ್ಬು, ಗರಿ ಎಲ್ಲ ಕೆರೆದು ಸಾದಾ ಮಾಡಬಹುದು. ಉಳಿದವರನ್ನು ನಾವೇ ಮಾಡಬೇಕು. ನಾನು ಮಾಡುವ ಕ್ರಮ ಹೇಳುತ್ತೇನೆ, ಕಷ್ಟವಿಲ್ಲ.

ತೆಳುವಾದ ತಾಮ್ರದ ತಂತಿ ತಗೊಳ್ಳಿ. ಹಳೆಯ ಮೋಟಾರಿನ ಸುರುಳಿ ಬಿಚ್ಚಿದರೆ ಬೇಕಾದಷ್ಟು ಸಿಗುತ್ತದೆ. ಎರಡು ಎಳೆ ಹೊಸೆದು ಕಾಲು, ಬೆನ್ನು, ಕೈ ಮಾಡಿಕೊಳ್ಳಿ. ಈ ಹಂತದಲ್ಲೇ ಭಂಗಿ ಮುಗಿಯಬೇಕು. ಹಾರೆಯಿಂದ ಕಲ್ಲು ಎಬ್ಬಿಸುವವನ ಭಾರ ಕೈಯಲ್ಲಿ ಇರುವುದಿಲ್ಲ, ಹಿಂದಿನ ಕಾಲಿನ ಹಿಮ್ಮಡಿಯಲ್ಲಿ ಇರುತ್ತದೆ. ಸೊಂಟ ಕೆಳಗೆ ಇಳಿದಿರುತ್ತದೆ, ಗದ್ದ ಎದೆಗೆ ಒತ್ತಿರುತ್ತದೆ. ನಮ್ಮ ತೋಟದಲ್ಲಿ ಗುಂಡಿ ತೆಗೆಯುವಾಗ ಕಲ್ಲು ಅಡ್ಡ ಬಂದರೆ ಆಳು ಹೇಗೆ ನಿಲ್ಲುತ್ತಾನೆ ನೋಡಿ. ಅದೇ ಭಂಗಿ. ಐನೂರು ವರ್ಷದಲ್ಲಿ ಹಾರೆಯೂ ಬದಲಾಗಿಲ್ಲ, ಬೆನ್ನೂ ಬದಲಾಗಿಲ್ಲ.

ಆಮೇಲೆ ಎಂ-ಸೀಲ್. ಎರಡು ಮುದ್ದೆ ಚೆನ್ನಾಗಿ ನಾದಿ, ಸ್ವಲ್ಪ ಸ್ವಲ್ಪವೇ ತಂತಿಗೆ ಹತ್ತಿಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬರಿಗೈಯಲ್ಲಿ ಮುಟ್ಟಬೇಡಿ. ಸೂಜಿಯ ತುದಿಗೆ ನೀರು ಅದ್ದಿ ತಿದ್ದಿದರೆ ಅಂಟುವುದಿಲ್ಲ. ಮೊದಲು ಮೈ, ಅದು ಗಟ್ಟಿಯಾದ ಮೇಲೆ ಪಂಚೆ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಬೆರಳು ತಾಗಿ ಒಂದು ಹಾಳಾಗುತ್ತದೆ. ಪಂಚೆಗೆ ಎಂ-ಸೀಲನ್ನು ಪ್ಲಾಸ್ಟಿಕ್ ಹಾಳೆಯ ನಡುವೆ ಲಟ್ಟಿಸಿ, ಬ್ಲೇಡಿನಲ್ಲಿ ಪಟ್ಟಿ ಕತ್ತರಿಸಿ, ಸೊಂಟಕ್ಕೆ ಸುತ್ತಿ, ಕಚ್ಚೆಯನ್ನು ಹಿಂದಕ್ಕೆ ಎಳೆದು ಸಿಕ್ಕಿಸಿ. ನೆರಿಗೆಯನ್ನು ಸೂಜಿಯಲ್ಲಿ ಎಳೆಯಿರಿ. ತಲೆಗೆ ಒಂದು ವಸ್ತ್ರ. ಅಷ್ಟೇ ಅವನ ಕವಚ.

ಬಣ್ಣದಲ್ಲಿ ಒಂದು ಎಚ್ಚರ. ಪಂಚೆಗೆ ಶುದ್ಧ ಬಿಳಿ ಬೇಡ. ಬಣ್ಣ ಹಾಕದ ಹತ್ತಿ, ಬೆವರು, ಕಪ್ಪು ಧೂಳು. ಬಿಳಿಗೆ ಸ್ವಲ್ಪ ಕಾವಿ, ತುಸು ಕಂದು ಸೇರಿಸಿ. ಮೊಣಕಾಲಿನ ಕೆಳಗೆ ಮಣ್ಣಿನ ಬಣ್ಣ ಒಣ ಬ್ರಷ್ಷಿನಲ್ಲಿ ಸವರಿ. ನಾಯಕರಿಗೆ ಮಾತ್ರ ನೀಲಿ, ಕೆಂಪು.

ಕಾಳಿ_ದಂಡೆ:

ಕಾರವಾರದಿಂದ. ನಾನು ಹಡಗಿನ ಮಾಡೆಲ್ ಮಾಡುವವನು, ಯುದ್ಧದ ಬಗ್ಗೆ ಹೆಚ್ಚು ತಿಳಿಯದು. ಆದರೆ ನಮ್ಮ ಹವೆಯಲ್ಲಿ ಮಾಡೆಲ್ ಉಳಿಸುವುದು ಹೇಗೆ ಎನ್ನುವುದನ್ನು ಹೇಳಬಲ್ಲೆ.

ತಾಮ್ರದ ತಂತಿ ಹೇಳಿದ್ದು ಒಳ್ಳೆಯದಾಯಿತು. ಕರಾವಳಿಯಲ್ಲಿ ಕಬ್ಬಿಣದ ತಂತಿ, ಗುಂಡುಸೂಜಿ ಒಳಗೆ ಬಿಡಲೇಬೇಡಿ. ಉಪ್ಪು ಗಾಳಿಗೆ ಒಳಗೊಳಗೇ ತುಕ್ಕು ಹಿಡಿದು ಉಬ್ಬುತ್ತದೆ, ಬಣ್ಣ ಸೀಳಿ ಹೊರಗೆ ಬರುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲದ ತೇವ ನಮಗಿಂತ ಕಡಿಮೆಯೇನಲ್ಲ.

ಸಮುದ್ರದ ಮರಳು ನೇರ ಹಾಕಬಾರದು. ಅದರ ಉಪ್ಪು ತೇವ ಎಳೆಯುತ್ತದೆ, ಬಿಸಿಲಿಗೆ ಬಿಳಿ ಪುಡಿಯಾಗಿ ಮೇಲೆ ಬರುತ್ತದೆ. ಸಿಹಿನೀರಿನಲ್ಲಿ ಹಲವು ಸಲ ತೊಳೆದು ಒಣಗಿಸಬೇಕು. ಅದಕ್ಕಿಂತ ಹೊಳೆಯ ಸಣ್ಣ ಮರಳನ್ನು ಬಟ್ಟೆಯಲ್ಲಿ ಜರಡಿ ಹಿಡಿಯುವುದು ವಾಸಿ. 1:72ರಲ್ಲಿ ಒಂದು ಮಿಲಿಮೀಟರ್ ಕಾಳು ಅಂದರೆ ಏಳು ಸೆಂಟಿಮೀಟರ್ ಕಲ್ಲು. ನೆಲವೆಲ್ಲ ಜಲ್ಲಿ ಹರಡಿದ ಹಾಗೆ ಕಾಣುತ್ತದೆ.

ಎರೆಮಣ್ಣು ತರಿಸುವ ಯೋಚನೆ ಇದ್ದರೆ ಒಂದು ಮಾತು. ಅದು ಒಣಗುವಾಗ ಕುಗ್ಗಿ ಬಿರುಕು ಬಿಡುವ ಮಣ್ಣು. ಫೆವಿಕಾಲ್ ಕಲಸಿ ದಪ್ಪಕ್ಕೆ ಮೆತ್ತಿದರೆ ಬಿರುಕುಗಳು ಬೆರಳಗಲ ಆಗುತ್ತವೆ. ಗೊಂಬೆಯ ಅಳತೆಗೆ ಅದು ಕಂದಕ. ಕೆಳಗೆ ಪ್ಲಾಸ್ಟರ್ ಇಲ್ಲವೇ ಮರದ ಹೊಟ್ಟು ಮತ್ತು ಫೆವಿಕಾಲ್ ಹಾಕಿ ನೆಲ ಮಾಡಿ. ಅದು ಪೂರ್ತಿ ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಸವರಿ, ಎರೆಮಣ್ಣಿನ ಪುಡಿಯನ್ನು ಮೇಲಿನಿಂದ ಉದುರಿಸಿ. ಮಣ್ಣನ್ನು ಮೊದಲು ಹಂಚಿನ ಮೇಲೆ ಚೆನ್ನಾಗಿ ಹುರಿಯಿರಿ. ಇಲ್ಲದಿದ್ದರೆ ಆಷಾಢದಲ್ಲಿ ನಿಮ್ಮ ರಣರಂಗದ ಮೇಲೆ ಬೂಷ್ಟು ಹಿಡಿಯುತ್ತದೆ.

ಗೋಡೆಗೆ ಗಟ್ಟಿ ಫೋಮ್ ಶೀಟ್ ಬಳಸುತ್ತೀರಲ್ಲ? ಬಾಲ್‌ಪೆನ್ನಿನಲ್ಲಿ ಒತ್ತಿ ಸಂದಿ ಎಳೆಯಬಹುದು. ಸ್ಪ್ರೇ ಪೇಂಟ್ ನೇರ ಹೊಡೆದರೆ ಫೋಮ್ ಕರಗುತ್ತದೆ. ಮೊದಲು ಫೆವಿಕಾಲ್ ಮತ್ತು ಕಪ್ಪು ಪೋಸ್ಟರ್ ಬಣ್ಣ ಕಲಸಿ ಒಂದು ಕೋಟು ಕೊಡಿ.

ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅರಸ ಬೇಕು ಅನಿಸುತ್ತದೆ. ಇದನ್ನು ಶಾಲೆಯ ಮಕ್ಕಳು ನೋಡುತ್ತಾರೆ ಅಲ್ವಾ? ಅವರು ಬಂದು ಮೊದಲು ಕೇಳುವುದೇ ‘ಕೃಷ್ಣದೇವರಾಯ ಎಲ್ಲಿ?’ ಎಂದು. ಅವರನ್ನು ನಿರಾಸೆ ಮಾಡಬೇಕಾ?

ಬೆಂಡು_ಬಸಿಂಗ:

ಕುಮಟಾದಿಂದ ಬರೆಯುತ್ತಿದ್ದೇನೆ. ನಾವು ಗುಡಿಗಾರರು. ಮನೆಯಲ್ಲಿ ಬೆಂಡಿನ ಕೆಲಸ, ಮದುವೆ ಬಸಿಂಗ, ದಂಡೆ. ಅಣ್ಣಾ, ನೀವು ಬೆಂಡನ್ನು ಯಾಕೆ ಬಳಸಬಾರದು?

ಬೆಂಡಿನ ಕಡ್ಡಿಯ ಹೊರಗಿನ ಕಂದು ಸಿಪ್ಪೆ ತೆಗೆದರೆ ಒಳಗೆ ಹಾಲಿನಂಥ ಬಿಳಿ. ಹರಿತವಾದ ಚೂರಿ ಹಿಡಿದು ಕಡ್ಡಿಯನ್ನು ಉರುಳಿಸುತ್ತ ಹೋದರೆ ಉದ್ದಕ್ಕೆ ತೆಳು ಹಾಳೆ ಬಿಚ್ಚಿಕೊಳ್ಳುತ್ತದೆ. ನಾವು ಹೂವಿನ ಎಸಳು ಮಾಡುವುದು ಅದರಲ್ಲೇ. ಸ್ವಲ್ಪ ತೇವ ಮಾಡಿದರೆ ಹೇಗೆ ಬೇಕಾದರೂ ಬಾಗುತ್ತದೆ, ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಡೇರೆಯ ಬಟ್ಟೆಗೆ, ಬಾವುಟಕ್ಕೆ ಕಾಗದಕ್ಕಿಂತ ಇದು ಎಷ್ಟೋ ಮೇಲು. ಕಾಗದದ ಬಾವುಟ ಬಿಗಿಯಾಗಿ ನಿಲ್ಲುತ್ತದೆ, ಬೆಂಡಿನದು ಜೋಲುತ್ತದೆ. ಬಿಸಿಲಿಗೆ ಗಾಳಿಯಿಲ್ಲದ ದಿನ ಬಾವುಟ ಜೋಲುವುದೇ ಸರಿ ಅಲ್ವಾ?

ದುಂಡು ಕಡ್ಡಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಗುರಾಣಿ ಸಿದ್ಧ. ನಡುವೆ ಬೆರಳು ಒತ್ತಿದರೆ ಕುಳಿ ಬೀಳುತ್ತದೆ. ಮಣ್ಣು ಹೊರುವ ಬುಟ್ಟಿಯನ್ನೂ ಕೊರೆಯಬಹುದು. ಗೋಡೆಯ ಒಳಗೆ ಮಣ್ಣು ತುಂಬಿತ್ತು ಎಂದು ಮೇಷ್ಟ್ರು ಹೇಳಿದ್ದಾರೆ. ಕಲ್ಲು ಕಿತ್ತಾಗ ಆ ಮಣ್ಣು ಸುರಿಯುತ್ತದೆ. ಅದನ್ನು ಬಾಚಿ ಸಾಗಿಸದೆ ಮುಂದಿನ ಕಲ್ಲಿಗೆ ಹಾರೆ ಹಾಕಲಾಗದು. ಹಾಗಾಗಿ ಬುಟ್ಟಿ ಹೊರುವವರೂ ಬೇಕು, ನೀವು ಅವರ ಮಾತೇ ಎತ್ತಿಲ್ಲ.

ಅರಸನ ಬಗ್ಗೆ ಹೇಳುವುದಾದರೆ, ನಾನು ಶಿರಸಿ ಅಣ್ಣನ ಕಡೆ. ಕೆಲಸ ಮಾಡುವ ಕೈಯನ್ನು ಯಾರೂ ಕೆತ್ತುವುದಿಲ್ಲ. ಯಾರಾದರೂ ಒಬ್ಬರು ಮಾಡಲಿ.

ಕೈಗಾದ_ರಾಯಚೂರಿನವ:

ಅಕ್ಕ ಹೇಳಿದ ಮಣ್ಣಿನ ಮಾತು ಖರೆ. ಗೋಡೆ ಬಿದ್ದ ಕಡೆ ಇವತ್ತಿಗೂ ಒಳಗಿನ ಮಣ್ಣು ಕಾಣುತ್ತದೆ. ಕಲ್ಲು ಕಿತ್ತ ಜಾಗದಲ್ಲಿ ಬರೀ ಕಪ್ಪು ತೂತು ಮಾಡಬೇಡಿ. ಮಣ್ಣು, ಸಣ್ಣ ಕಲ್ಲು ಜಾರಿ ಬುಡದಲ್ಲಿ ರಾಶಿ ಬಿದ್ದಂತೆ ಮಾಡಿರಿ.

ಬೆಳಕಿನ ಬಗ್ಗೆ ಒಂದು. ರಾಯನ ಪಾಳೆಯ ಕೋಟೆಯ ಮೂಡಣ ದಿಕ್ಕಿಗಿತ್ತು ಎಂದು ಓದಿದ್ದೇನೆ. ಆ ಕಡೆಯಿಂದ ಮುತ್ತಿಗೆ ಎಂದಾದರೆ ಬೆಳಗಿನ ಬಿಸಿಲು ಕೆಳಗಿನವರ ಬೆನ್ನಿಗೆ, ಮೇಲಿನವರ ಕಣ್ಣಿಗೆ. ನೀವು ದೀಪ ಇಡುವಾಗ ನೋಡುವವರ ಕಡೆಯಿಂದ, ತಗ್ಗಿನಲ್ಲಿ, ತುಸು ಹಳದಿ ಬೆಳಕಿನ ಎಲ್‌ಇಡಿ ಇಡಿರಿ. ಗೋಡೆಯ ಒಂದೊಂದು ಕಲ್ಲಿನ ಅಂಚೂ ಎದ್ದು ಕಾಣುತ್ತದೆ. ಟ್ಯೂಬ್‌ಲೈಟ್ ಬೇಡವೇ ಬೇಡ.

ಮತ್ತೆ ನೀರು. ಆ ಬಿಸಿಲಿನಲ್ಲಿ ನೀರಿಲ್ಲದೆ ಅರ್ಧ ದಿನ ಕೆಲಸ ಸಾಗಲ್ಲ ರೀ. ದಂಡಿನ ಜೊತೆ ಚರ್ಮದ ಚೀಲದಲ್ಲಿ ನೀರು ಹೊರುವವರು 12,000 ಜನ ಇದ್ದರೆಂದು ನೂನಿಸನೇ ಬರೆದಿದ್ದಾನಲ್ಲ? ಒಬ್ಬನಾದರೂ ಇರಲಿ.

ಅಂಕೋಲಾ_ಮೇಷ್ಟ್ರು:

ಇದ್ದಾರೆ, ದಾರಿಯುದ್ದಕ್ಕೂ ಅವರನ್ನು ನಿಲ್ಲಿಸಿದ್ದರೆಂದೇ ಬರೆದಿದ್ದಾನೆ.

ಅರಸನ ವಿಷಯಕ್ಕೆ ನನ್ನ ಮಾತು. ಕಾಳಿ_ದಂಡೆಯವರ ಪ್ರಶ್ನೆ ಸರಿಯಾದದ್ದೇ. ಮಕ್ಕಳು ಕೇಳುತ್ತಾರೆ. ಆದರೆ ಕೇಳಲಿ. ‘ರಾಯ ಎಲ್ಲಿ?’ ಎಂದು ಕೇಳಿದ ಮಗುವಿಗೆ ಹೇಳಲು ನಮ್ಮ ಹತ್ತಿರ ಉತ್ತರ ಇದೆ. ಅವನು ಹಿಂದೆ ಪಾಳೆಯದಲ್ಲಿದ್ದಾನೆ, ಅವನ ಡೇರೆಯ ಸುತ್ತ ಮುಳ್ಳಿನ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು. ಪಾಳೆಯ ಎಂದರೆ ಬೀದಿ, ಪೇಟೆ ಇರುವ ಒಂದು ಊರು. ಗೋಡೆಯ ಹತ್ತಿರ ಇರುವವರು ಬೇರೆ.

ಇನ್ನೊಂದು ಎಚ್ಚರಿಕೆ. ಮೇಲಿನವರು ಒಂದು ಧರ್ಮ, ಕೆಳಗಿನವರು ಇನ್ನೊಂದು ಎಂದು ಬಣ್ಣದಲ್ಲಿ ವಿಂಗಡಿಸಬೇಡಿ. ಎರಡನೇ ದೇವರಾಯನ ಕಾಲದಿಂದಲೂ ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರು, ಸವಾರರು ಇದ್ದರು. ಬಿಜಾಪುರದ ಕೆಲಸದಲ್ಲಿ ಹಿಂದೂಗಳಿದ್ದರು. ಜಗಳ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಫಲವತ್ತಾದ ನೆಲಕ್ಕೆ. ಬಹಮನಿ ಕಾಲದಿಂದ ಆ ದೋ-ಆಬ್ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಗೋಡೆಯ ಮೇಲಿನವನ ಮುಖದಲ್ಲೂ ಅದೇ ಬೆವರು ಇರಲಿ.

ಹೊನ್ನಾವರ_ಹುಡುಗ:

ಗೋಡೆ ನೋಡಲು ಮಿರ್ಜಾನ ಕೋಟೆಗೆ ಹೋಗಿ ಬರಬಹುದಾ? ನಮಗೆ ಹತ್ತಿರ.

ಶಿರಸಿ_ಕಿರುಲೋಕ:

ಹೋಗು ತಮ್ಮಾ, ಬುರುಜು ತಿರುಗುವ ರೀತಿ, ಕಂದಕ, ಬಾಗಿಲಿನ ಸೊಟ್ಟ ದಾರಿ ಎಲ್ಲ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅದು ಚಿರೇಕಲ್ಲಿನ ಕೋಟೆ. ಕಲ್ಲಿನ ಮೈ, ಬಣ್ಣ, ಜೋಡಣೆ ರಾಯಚೂರಿಗೆ ಬರುವುದಿಲ್ಲ. ಅದಕ್ಕೆ ಕೈಗಾದವರ ಫೋಟೋಗೆ ಕಾಯುತ್ತೇನೆ.

ಎಲ್ಲರ ಮಾತು ಓದಿ ಈಗ ಚಿತ್ರ ಒಂದು ಹಂತಕ್ಕೆ ಬಂದಿದೆ. ಅರಸನಿಲ್ಲ. ಆದರೆ ಕಾಳಿ_ದಂಡೆಯವರು ಹೇಳಿದ ಮಕ್ಕಳಿಗಾಗಿ ಹಲಗೆಯ ಹಿಂಬದಿ ಮೂಲೆಯಲ್ಲಿ ಮುಳ್ಳುಬೇಲಿಯ ಒಂದು ತುದಿ ಮತ್ತು ಜೋಲುವ ಒಂದು ಬಾವುಟ ಇಡುತ್ತೇನೆ. ರಾಯ ಆ ಕಡೆ ಇದ್ದಾನೆ ಎಂದು ಬೆರಳು ತೋರಿಸಿ ಹೇಳಬಹುದು.

ಮುಂದೆ ಎಡಕ್ಕೆ ಗೋಡೆಯ ಬುಡ. ಮೂವರು ಒಂದೇ ಕಲ್ಲಿಗೆ ಹಾರೆ ಹಾಕಿದ್ದಾರೆ, ಕಲ್ಲು ಅರ್ಧ ಹೊರಗೆ ಬಂದಿದೆ. ಅವರ ಪಕ್ಕದಲ್ಲಿ ಬಿದ್ದವನೊಬ್ಬ, ಅವನ ಗುದ್ದಲಿಯನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದಾನೆ. ಬುಟ್ಟಿಯವರ ಸಾಲು. ನಡುವೆ ಬಯಲಿನಲ್ಲಿ ಒಬ್ಬ ಕಿತ್ತ ಕಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿದು ಬಾಗಿ ಓಡುತ್ತಿದ್ದಾನೆ. ಬಲಕ್ಕೆ, ಬಾಣಕ್ಕೆ ಸಿಗದ ದೂರದಲ್ಲಿ, ಹಣದ ಚೀಲ ಇಟ್ಟುಕೊಂಡು ಕೂತ ಕರಣಿಕ. ಅವನ ಮುಂದೆ ಕಲ್ಲುಗಳು ಗಾತ್ರದ ಪ್ರಕಾರ ಸಾಲಾಗಿ ಇವೆ. ಅಲ್ಲಿ ಕರಣಿಕ ಕೂತಿದ್ದ ಎಂದು ನೂನಿಸ್ ಹೇಳಿಲ್ಲ, ಅದು ನಾನು ಸೇರಿಸಿದ್ದು. ಆದರೆ ಹಣ ಕೊಟ್ಟಿದ್ದು ನಿಜವಾದರೆ ಯಾರೋ ಒಬ್ಬ ಲೆಕ್ಕ ಇಟ್ಟಿರಲೇಬೇಕು. ಕಲ್ಲು ಕೀಳುವವನು, ಓಡುವವನು, ಎಣಿಸುವವನು. ನೋಡುವವರ ಕಣ್ಣು ಈ ಮೂವರ ನಡುವೆ ತಿರುಗಬೇಕು. ಕೋವಿಯವರು ಅವರ ಹಿಂದೆ, ಸ್ವಲ್ಪ ಎತ್ತರದಲ್ಲಿ. ಇಪ್ಪತ್ತೂ ಜನ ಬೇಡ, ಐದಾರು ಸಾಕು. ಹೊಗೆಗೆ ಹತ್ತಿ ಹಿಂಜಿ ಒಂದೇ ಕೋವಿಗೆ ಇಡುತ್ತೇನೆ, ಉಳಿದವರು ಮದ್ದು ತುಂಬುತ್ತಿರಲಿ, ಬತ್ತಿ ಊದುತ್ತಿರಲಿ. ಹೊತ್ತು ಹಿಡಿಯುವ ಕೆಲಸ ಅದು. ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿದಂತೆ ತೋರಿಸುವುದು ಸುಳ್ಳಾಗುತ್ತದೆ.

ಬುರುಜಿನ ಮೇಲೆ ಒಂದು ಕವಣೆ, ಒಂದು ಫಿರಂಗಿ. ಫಿರಂಗಿಗೆ ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಬಳೆ ಬಿಗಿದ ಹಳೆಯ ಕ್ರಮ. ಪೆನ್ನಿನ ರೀಫಿಲ್ ಕೊಳವೆಗೆ ದಾರ ಸುತ್ತಿದರೆ ಬಳೆಗಳು ಚೆನ್ನಾಗಿ ಬರುತ್ತವೆ.

ಅಕ್ಕಾ, ಬುಟ್ಟಿಯವರನ್ನು ನೆನಪಿಸಿದ್ದಕ್ಕೆ ದೊಡ್ಡ ಉಪಕಾರ. ಬೆಂಡು ನಿಮ್ಮಿಂದಲೇ ಬೇಕು. ತೇವದ ಭಯ ಒಂದಿದೆ, ಬಸಿಂಗಕ್ಕೆ ನೀವು ಮೇಲೆ ಏನು ಹಚ್ಚುತ್ತೀರಿ?

ಬೆಂಡು_ಬಸಿಂಗ:

ಬಸಿಂಗಕ್ಕೆ ಏನೂ ಹಚ್ಚುವುದಿಲ್ಲ ಅಣ್ಣಾ, ಒಣ ಜಾಗದಲ್ಲಿ ತೂಗಿ ಇಡುತ್ತೇವೆ. ನಿಮ್ಮದಕ್ಕೆ ಅಕ್ರಿಲಿಕ್ ಬಣ್ಣ ಹಚ್ಚುತ್ತೀರಲ್ಲ, ಅದರ ಮೇಲೆ ಮ್ಯಾಟ್ ವಾರ್ನಿಶ್ ಒಂದು ಕೈ ಕೊಡಿ. ಬಣ್ಣ ತೆಳುವಾಗಿರಲಿ, ನೀರು ಹೆಚ್ಚಾದರೆ ಬೆಂಡು ಹೀರಿ ಮುದುಡುತ್ತದೆ. ಬುಟ್ಟಿ ಎಷ್ಟು ಅಗಲ ಬೇಕು ಹೇಳಿ.

ಕಾಳಿ_ದಂಡೆ:

ಮೇಲೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲದಲ್ಲಿ ಆಗಾಗ ಬದಲಿಸಿ. ಮುಳ್ಳುಬೇಲಿಯ ಉಪಾಯ ನನಗೆ ಒಪ್ಪಿಗೆ. ಬೇಲಿಗೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಫೆವಿಕಾಲಿನಲ್ಲಿ ಉಂಡೆ ಕಟ್ಟಿದರೆ ಜಾಲಿ ಮುಳ್ಳಿನ ರಾಶಿಯಂತೆ ಕಾಣುತ್ತದೆ. ನಾರು ನಾನು ಕಳಿಸುತ್ತೇನೆ.

ಶಿರಸಿ_ಕಿರುಲೋಕ:

ಕಳಿಸಿ, ಬೇಕು. ಅಕ್ಕಾ, ನಿಜವಾದ ಬುಟ್ಟಿ ಒಂದೂಮುಕ್ಕಾಲು ಅಡಿ ಅಗಲ ಎಂದಿಟ್ಟುಕೊಂಡರೆ ನಮ್ಮದು ಏಳೂವರೆ ಮಿಲಿಮೀಟರ್, ಆಳ ಮೂರು ಸಾಕು. ಹನ್ನೆರಡು ತುಂಬಿದ ಬುಟ್ಟಿ, ಆರು ಖಾಲಿ. ಖಾಲಿಯವನ್ನು ಒಳಗೆ ಕೊರೆದು ಕೊಡಿ, ತುಂಬಿದವಕ್ಕೆ ಮೇಲ್ಭಾಗ ಸ್ವಲ್ಪ ಉಬ್ಬಿರಲಿ, ಮಣ್ಣು ನಾನು ಹಚ್ಚಿಕೊಳ್ಳುತ್ತೇನೆ.